ಅವಮಾನದ ಮರುದಿನ

ಪ್ರತಿ ವರ್ಷ ಪರೀಕ್ಷಾ ಫಲಿತಾಂಶ ಪ್ರಕಟವಾದ ಮರುದಿನ ಬೆಳಿಗ್ಗೆ ಪತ್ರಿಕೆಯನ್ನು ಬಿಡಿಸಲು ನನಗೆ ಅಳುಕಾಗುತ್ತದೆ. ಮೊದಲ ಪುಟದಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಸಿಹಿ ತಿನ್ನಿಸುತ್ತಿರುವ ತಂದೆತಾಯಿಯರ ಚಿತ್ರಗಳಿರುತ್ತವೆ. ಒಳಪುಟದ ಮೂಲೆಯಲ್ಲಿ, ನಾಲ್ಕೈದು ಸಾಲುಗಳಲ್ಲಿ, ಯಾವುದೋ ಊರಿನ ಯಾವುದೋ ಮಗು ಇನ್ನಿಲ್ಲವಾದ ಸುದ್ದಿಯಿರುತ್ತದೆ. ಅದರ ಹಿಂದಿನ ಮಾತು ಬಹುಮಟ್ಟಿಗೆ ಒಂದೇ: ಅಪ್ಪ ಅಮ್ಮನಿಗೆ ಮುಖ ತೋರಿಸುವುದು ಹೇಗೆ?

ಈ ಮಾತನ್ನು ನಾನು ಮೊದಲು ಓದಿದ್ದು ಪತ್ರಿಕೆಯಲ್ಲಲ್ಲ, ಗ್ರೀಕ್ ನಾಟಕಕಾರ ಸೊಫೋಕ್ಲಿಸನ ‘ಏಜಾಕ್ಸ್’ ರುದ್ರನಾಟಕದಲ್ಲಿ. ಕ್ರಿಸ್ತಪೂರ್ವ 5ನೆಯ ಶತಮಾನದ ಈ ನಾಟಕದ ನಾಯಕ, ಟ್ರಾಯ್ ಯುದ್ಧಭೂಮಿಯಲ್ಲಿ ಅಕಿಲಿಸನನ್ನು ಬಿಟ್ಟರೆ ತಾನೇ ಎನ್ನಿಸಿಕೊಂಡ ವೀರ. ಅಕಿಲಿಸ್ ಮಡಿದ ಮೇಲೆ ಅವನ ಆಯುಧಗಳು ತನಗೇ ಸಲ್ಲಬೇಕೆಂಬುದು ಏಜಾಕ್ಸನ ನಿರೀಕ್ಷೆ. ಸೇನಾನಾಯಕರು ಅವನ್ನು ಒಡಿಸ್ಯೂಸನಿಗೆ ಕೊಟ್ಟುಬಿಡುತ್ತಾರೆ. ಕೆರಳಿದ ಏಜಾಕ್ಸ್ ಅವರನ್ನೆಲ್ಲ ಕೊಲ್ಲಲು ರಾತ್ರಿ ಹೊರಡುತ್ತಾನೆ. ದೇವತೆ ಅಥೀನಾ ಅವನ ಬುದ್ಧಿಗೆ ಮಂಕು ಕವಿಸುತ್ತಾಳೆ. ಶತ್ರುಗಳೆಂದು ಭ್ರಮಿಸಿ ಅವನು ಕಡಿದುಹಾಕಿದ್ದು ಸೇನೆಯ ದನಕುರಿಗಳನ್ನು. ಭ್ರಮೆ ಹರಿದಾಗ ಸತ್ತ ಪ್ರಾಣಿಗಳ ನಡುವೆ ಕುಳಿತ ಅವನಿಗೆ ನೆನಪಾಗುವವನು ತಂದೆ ಟೆಲಮಾನ್. ಇದೇ ಟ್ರಾಯ್ ನೆಲದಲ್ಲಿ ಹಿಂದೆ ಹೋರಾಡಿ ಶ್ರೇಷ್ಠ ಬಹುಮಾನ ಗೆದ್ದು ಮನೆಗೆ ಮರಳಿದವನು ಆ ತಂದೆ. ಬರಿಗೈಯಲ್ಲಿ ಹೋಗಿ ಅವನ ಮುಂದೆ ಹೇಗೆ ನಿಲ್ಲಲಿ ಎಂಬುದೇ ಏಜಾಕ್ಸನ ಪ್ರಶ್ನೆ.

ಕಾಲೇಜಿನಲ್ಲಿ ಮೂರು ದಶಕ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವನಾದ ನಾನು ಈ ನಾಟಕವನ್ನೂ, ಇದಕ್ಕಿಂತ ಸುಮಾರು 1,800 ವರ್ಷ ಈಚಿನ ಒಂದು ಮಧ್ಯಯುಗದ ವೀರ ರಮ್ಯಕಥನವನ್ನೂ ಇತ್ತೀಚೆಗೆ ಒಂದರ ಬೆನ್ನಿಗೆ ಒಂದನ್ನು ಮತ್ತೆ ಓದಿದೆ. ಎರಡನೆಯದು 14ನೆಯ ಶತಮಾನದ ಕೊನೆಯಲ್ಲಿ ಹೆಸರು ತಿಳಿಯದ ಇಂಗ್ಲಿಷ್ ಕವಿಯೊಬ್ಬ ರಚಿಸಿದ ‘ಸರ್ ಗಾವೇನ್ ಮತ್ತು ಹಸಿರು ನೈಟ್’. ಅದರ ಒಂದೇ ಒಂದು ಹಸ್ತಪ್ರತಿ ಉಳಿದಿದೆ. ಅದು ಇದ್ದ ಗ್ರಂಥಭಂಡಾರಕ್ಕೆ 1731ರಲ್ಲಿ ಬೆಂಕಿ ಬಿದ್ದರೂ ಪಾರಾಗಿ, 1839ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. ಗ್ರೀಕ್ ರುದ್ರನಾಟಕವನ್ನು ಗಂಭೀರವೆಂದೂ, ನೈಟ್‌ಗಳ ರಮ್ಯಕಥನವನ್ನು ಮಕ್ಕಳ ಕಥೆಯೆಂದೂ ಬಗೆಯುವುದು ವಾಡಿಕೆ. ಆದರೆ ಇವೆರಡೂ ಕೇಳುತ್ತಿರುವುದು ಒಂದೇ ಪ್ರಶ್ನೆಯನ್ನು: ಮರ್ಯಾದೆಯೇ ಬದುಕೆಂದು ನಂಬಿದ ಮನುಷ್ಯ ಅದನ್ನು ಕಳೆದುಕೊಂಡ ಮರುದಿನ ಏನು ಮಾಡಬೇಕು?

ಗಾವೇನನ ಕಥೆ ಹೀಗೆ. ಹೊಸ ವರ್ಷದ ಹಬ್ಬದಲ್ಲಿ ಆರ್ಥರ್ ದೊರೆಯ ಸಭೆಗೆ ಮೈಯೆಲ್ಲ ಹಸಿರಾದ ದೈತ್ಯ ಸವಾರನೊಬ್ಬ ಕೊಡಲಿ ಹಿಡಿದು ಬರುತ್ತಾನೆ. ಯಾರಾದರೂ ತನಗೆ ಒಂದು ಏಟು ಹಾಕಲಿ, ಒಂದು ವರ್ಷ ಒಂದು ದಿನ ಕಳೆದ ಮೇಲೆ ಅದೇ ಏಟನ್ನು ಹಿಂದಕ್ಕೆ ಪಡೆಯಲಿ ಎಂಬುದು ಅವನ ಸವಾಲು. ಗಾವೇನ್ ಅವನ ತಲೆಯನ್ನೇ ಕಡಿಯುತ್ತಾನೆ. ಹಸಿರು ನೈಟ್ ತನ್ನ ತಲೆಯನ್ನು ತಾನೇ ಎತ್ತಿಕೊಂಡು ಹೊರಟುಹೋಗುತ್ತಾನೆ. ಕೊಟ್ಟ ಮಾತಿಗೆ ಕಟ್ಟುಬಿದ್ದು ಗಾವೇನ್ ಚಳಿಗಾಲದ ಕಾಡುಗಳಲ್ಲಿ ಸಾವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ದಾರಿಯಲ್ಲಿ ಆಶ್ರಯ ಕೊಟ್ಟ ಕೋಟೆಯ ಒಡೆಯ ಇನ್ನೊಂದು ಆಟ ಹೂಡುತ್ತಾನೆ. ಮೂರು ದಿನ ತಾನು ಬೇಟೆಯಲ್ಲಿ ಗಳಿಸಿದ್ದನ್ನು ಗಾವೇನನಿಗೂ, ಗಾವೇನ್ ಕೋಟೆಯಲ್ಲಿ ಗಳಿಸಿದ್ದನ್ನು ತನಗೂ ಕೊಡಬೇಕು. ಒಡೆಯನ ಹೆಂಡತಿ ಅತಿಥಿಯನ್ನು ಒಲಿಸಿಕೊಳ್ಳಲು ಯತ್ನಿಸುತ್ತಾಳೆ. ಅವಳಿಂದ ಪಡೆದ ಮುತ್ತುಗಳನ್ನು ಗಾವೇನ್ ಪ್ರಾಮಾಣಿಕವಾಗಿ ಒಡೆಯನಿಗೆ ಒಪ್ಪಿಸುತ್ತಾನೆ. ಮೂರನೆಯ ದಿನ ಅವಳು ಕೊಟ್ಟ ಹಸಿರು ಸೊಂಟಪಟ್ಟಿಯನ್ನು ಮಾತ್ರ ಬಚ್ಚಿಡುತ್ತಾನೆ, ಏಕೆಂದರೆ ಅದನ್ನು ಕಟ್ಟಿಕೊಂಡವನನ್ನು ಯಾರೂ ಕೊಲ್ಲಲಾರರು ಎಂದು ಆಕೆ ಹೇಳಿದ್ದಾಳೆ. ಕೊನೆಗೆ ಕೊಡಲಿ ಎತ್ತಿದ ಹಸಿರು ನೈಟ್ ಎರಡು ಬಾರಿ ತಡೆದು, ಮೂರನೆಯ ಬಾರಿ ಕುತ್ತಿಗೆಯನ್ನು ಸ್ವಲ್ಪ ಗೀರಿ ಬಿಟ್ಟುಬಿಡುತ್ತಾನೆ. ಕೋಟೆಯ ಒಡೆಯ ಅವನೇ. ಆ ಗಾಯ ಬಚ್ಚಿಟ್ಟ ಪಟ್ಟಿಗಾಗಿ. ಜೀವದಾಸೆಯಿಂದ ತಪ್ಪಿದ್ದರಿಂದ ನಿನ್ನನ್ನು ಅಷ್ಟಾಗಿ ದೂಷಿಸುವುದಿಲ್ಲ ಎಂದೂ ಅವನು ಹೇಳುತ್ತಾನೆ.

ಹೋಲಿಕೆ ಇಲ್ಲಿಂದ ಅರ್ಥಪೂರ್ಣವಾಗುತ್ತದೆ. ಇಬ್ಬರು ವೀರರಿಗೂ ಒಂದೊಂದು ಉಡುಗೊರೆ ಸಿಕ್ಕಿದೆ. ಏಜಾಕ್ಸನ ಬಳಿ ಇರುವುದು ಶತ್ರು ಹೆಕ್ಟರ್ ಕೊಟ್ಟ ಕತ್ತಿ, ಅವನ ಅಂತ್ಯಕ್ಕೆ ಸಾಧನವಾಗುವುದು ಅದೇ. ಗಾವೇನನ ಬಳಿ ಇರುವುದು ಹಸಿರು ಪಟ್ಟಿ. ಅವನು ಅದನ್ನು ತನ್ನ ಅಸತ್ಯದ ಗುರುತಾಗಿ ಹೆಗಲಿಗೆ ಅಡ್ಡಲಾಗಿ ಧರಿಸಿ, ಕುತ್ತಿಗೆಯ ಗಾಯದೊಂದಿಗೆ ಊರಿಗೆ ಮರಳುತ್ತಾನೆ. ಸಭೆಯಲ್ಲಿ ನಿಂತು, ನಾಚಿಕೆಯಿಂದ ಕೆಂಪಾಗಿ, ನಡೆದದ್ದನ್ನೆಲ್ಲ ಹೇಳುತ್ತಾನೆ. ಆರ್ಥರನ ಸಭೆ ಗಟ್ಟಿಯಾಗಿ ನಗುತ್ತದೆ. ನಕ್ಕು, ಇನ್ನು ಮೇಲೆ ದುಂಡುಮೇಜಿನ ಪ್ರತಿಯೊಬ್ಬರೂ ಅವನಿಗಾಗಿ ಅಂಥದೇ ಹಸಿರು ಪಟ್ಟಿ ಧರಿಸಬೇಕೆಂದು ನಿಶ್ಚಯಿಸುತ್ತದೆ. ಒಬ್ಬನ ಕಳಂಕ ಎಲ್ಲರ ಲಾಂಛನವಾಗುತ್ತದೆ.

ನಗು ಗ್ರೀಕ್ ನಾಟಕದಲ್ಲಿಯೂ ಇದೆ, ಆದರೆ ಅದು ವಿಷದಂತೆ. ಶತ್ರುಗಳು ನಗುತ್ತಿರಬಹುದೆಂಬ ಕಲ್ಪನೆಯೇ ಏಜಾಕ್ಸನನ್ನು ಹಿಂಡುತ್ತದೆ. ನಾಟಕದ ಆರಂಭದಲ್ಲಿ ಅಥೀನಾ ಹುಚ್ಚು ಹಿಡಿದ ಏಜಾಕ್ಸನನ್ನು ಒಡಿಸ್ಯೂಸನಿಗೆ ತೋರಿಸಿ, ವೈರಿಯನ್ನು ಕಂಡು ನಗುವುದಕ್ಕಿಂತ ಸವಿಯಾದದ್ದು ಇದೆಯೇ ಎಂಬಂತೆ ಆಹ್ವಾನಿಸುತ್ತಾಳೆ. ಒಡಿಸ್ಯೂಸ್ ನಗುವುದಿಲ್ಲ. ಅವನ ಸ್ಥಿತಿಯಲ್ಲಿ ತನ್ನದೇ ಸ್ಥಿತಿಯನ್ನು ಕಂಡು ಮರುಗುತ್ತಾನೆ. ಆದರೆ ಆ ಮರುಕ ಏಜಾಕ್ಸನಿಗೆ ತಿಳಿಯುವುದೇ ಇಲ್ಲ! ನಗುತ್ತಿದ್ದಾನೆಂದು ನಂಬಿದ ಮನುಷ್ಯ ನಿಜಕ್ಕೂ ಕಣ್ಣೀರು ತಂದುಕೊಂಡಿದ್ದ ಎಂಬ ಸುದ್ದಿಯನ್ನು ಗುಡಾರದ ಒಳಕ್ಕೆ ಒಯ್ಯುವವರು ಯಾರೂ ಇಲ್ಲ. ಈ ನಾಟಕದಲ್ಲಿ ನನ್ನನ್ನು ಅತಿಯಾಗಿ ಕಾಡುವ ಸಂಗತಿ ಇದು.

ಇನ್ನೊಂದು ಸಂಗತಿ ಕಾಲಕ್ಕೆ ಸಂಬಂಧಿಸಿದ್ದು. ರಮ್ಯಕಥನಕ್ಕೆ ವರ್ಷವಿದೆ, ದಾರಿಯಿದೆ, ಹಿಂತಿರುಗಲು ಊರಿದೆ. ರುದ್ರನಾಟಕಕ್ಕೆ ಇರುವುದು ಒಂದು ಹಗಲು. ಸೊಫೋಕ್ಲಿಸ್ ಆ ಹಗಲನ್ನೇ ಕಥೆಯ ತಿರುಳಾಗಿಸುತ್ತಾನೆ. ಅಥೀನಾಳ ಮುನಿಸು ಈ ಒಂದು ದಿನ ಮಾತ್ರ, ಇವತ್ತು ಏಜಾಕ್ಸನನ್ನು ಗುಡಾರದಿಂದ ಹೊರಗೆ ಬಿಡಬೇಡಿ ಎಂದು ಜ್ಯೋತಿಷಿ ಕಾಲ್ಕಸ್ ಹೇಳಿಕಳಿಸುತ್ತಾನೆ. ದೂತ ಬರುವಷ್ಟರಲ್ಲಿ ಏಜಾಕ್ಸ್ ಸಮಾಧಾನವಾದವನಂತೆ ಮಾತನಾಡಿ, ಎಲ್ಲರನ್ನೂ ನಂಬಿಸಿ ಹೊರಟುಹೋಗಿದ್ದಾನೆ. ಅವನ ನಾವಿಕರ ಮೇಳ ಸಂತೋಷದಿಂದ ಹಾಡಿ ಕುಣಿದೂ ಆಗಿದೆ. ಒಂದು ದಿನ ಕಾವಲು ಕಾಯ್ದಿದ್ದರೆ ಅವನು ಉಳಿಯುತ್ತಿದ್ದ ಎಂಬುದು ತಿಳಿಯುವುದು ತಡವಾಗಿ. 1,420 ಸಾಲುಗಳ ನಾಟಕದಲ್ಲಿ ನಾಯಕ ಐನೂರಕ್ಕೂ ಹೆಚ್ಚು ಸಾಲು ಉಳಿದಿರುವಾಗಲೇ ಇಲ್ಲವಾಗುತ್ತಾನೆ. ಉಳಿದ ಭಾಗವೆಲ್ಲ ಶವಕ್ಕೆ ಸಂಸ್ಕಾರ ಸಲ್ಲಬೇಕೇ ಬೇಡವೇ ಎಂಬ ವಾಗ್ವಾದ. ಕೊನೆಗೆ ಸಂಸ್ಕಾರ ದೊರಕಿಸಿಕೊಡುವವನು ಅದೇ ಒಡಿಸ್ಯೂಸ್. ಬದುಕಿದ್ದಾಗ ತಲುಪದ ಮರುಕ ಸತ್ತ ಮೇಲೆ ತಲುಪುತ್ತದೆ.

ಈ ವ್ಯತ್ಯಾಸಕ್ಕೆ ಕಾರಣಗಳಿವೆ. ಗಾವೇನನ ಕವಿಯ ಹಿಂದೆ ಪಾಪನಿವೇದನೆ ಮತ್ತು ಕ್ಷಮೆಯ ಕ್ರೈಸ್ತ ಪದ್ಧತಿ ಇದೆ. ತಪ್ಪನ್ನು ಬಾಯಿಬಿಟ್ಟು ಹೇಳಿ ಮತ್ತೆ ಬದುಕಲು ಆರಂಭಿಸಬಹುದೆಂಬ ನಂಬಿಕೆಯಿದೆ. ಏಜಾಕ್ಸನ ವೀರಧರ್ಮದಲ್ಲಿ ಅಂಥ ಬಾಗಿಲಿಲ್ಲ. ಆದರೆ ಅಥೆನ್ಸಿನವರು ಈ ಕಥೆಯನ್ನು ದೂರದಿಂದ ನೋಡಿದವರಲ್ಲ. ಆ ನಗರದ ಹತ್ತು ಕುಲಗಳಲ್ಲಿ ಒಂದು ಏಜಾಕ್ಸನ ಹೆಸರನ್ನೇ ಹೊತ್ತಿತ್ತು. ಡಯೊನೈಸಸ್ ಉತ್ಸವದಲ್ಲಿ ಹಗಲು ಬೆಳಕಿನಲ್ಲಿ ಸಾವಿರಾರು ಜನ ಒಟ್ಟಿಗೆ ಕುಳಿತು ನಾಟಕ ನೋಡುತ್ತಿದ್ದರು, ಅವರಲ್ಲಿ ಯುದ್ಧ ಕಂಡವರೇ ಬಹಳ. ತಡವಾಗಿ ಬಂದವರ ಸಾಲಿನಲ್ಲಿ ಆ ಪ್ರೇಕ್ಷಕರೂ ಕುಳಿತಿದ್ದರು. ರಮ್ಯಕಥನ ಹೀಗಾಗಬಹುದೆಂಬ ಭರವಸೆ ಕೊಟ್ಟರೆ, ರುದ್ರನಾಟಕ ಹೀಗಾಗಿಹೋಯಿತಲ್ಲ ಎಂಬ ಹೊಣೆಯನ್ನು ನೋಡುವವರ ಮೇಲೆ ಹೊರಿಸುತ್ತದೆ. ಅಮೆರಿಕದಲ್ಲಿ ಬ್ರಯನ್ ಡೋರಿಸ್ ಎಂಬ ನಿರ್ದೇಶಕರು 2008ರಿಂದ ಇದೇ ನಾಟಕವನ್ನು ಯುದ್ಧದಿಂದ ಮರಳಿದ ಸೈನಿಕರು ಮತ್ತು ಅವರ ಮನೆಯವರ ಮುಂದೆ ಓದಿಸಿ, ಬಳಿಕ ಅವರನ್ನೇ ಮಾತನಾಡಿಸುತ್ತ ಬಂದದ್ದು ಈ ಹೊಣೆ ಇನ್ನೂ ಜೀವಂತವಾಗಿರುವುದಕ್ಕೆ ಸಾಕ್ಷಿ.

ಹಾಗೆಂದು ಆರ್ಥರನ ಸಭೆಯೇ ಆದರ್ಶ ಎನ್ನಲಾರೆ. ಅವರು ನಕ್ಕಾಗ ಗಾವೇನ್ ನಕ್ಕನೆಂದು ಕವಿ ಹೇಳುವುದಿಲ್ಲ. ಅವನ ನೋವು ಅವರಿಗೆ ಅರ್ಥವಾಯಿತೇ, ಅಥವಾ ಹಬ್ಬದ ಗದ್ದಲದಲ್ಲಿ ಅದೂ ಒಂದು ಅಲಂಕಾರವಾಯಿತೇ ಎಂದು ವಿಮರ್ಶಕರು ಇಂದಿಗೂ ವಾದಿಸುತ್ತಾರೆ. ಜೊತೆಗೆ, ಸಿಕ್ಕಿಬಿದ್ದ ಗಾವೇನ್ ಹೆಂಗಸರ ಮೇಲೂ ಹರಿಹಾಯುತ್ತಾನೆ, ಆದಮನಿಂದ ಹಿಡಿದು ಎಲ್ಲ ಗಂಡಸರನ್ನೂ ಕೆಡಿಸಿದವರು ಅವರೇ ಎಂದು! ಏಜಾಕ್ಸನ ನಾಟಕದಲ್ಲಾದರೋ ಬದುಕು ಎಂದು ಅಂಗಲಾಚುವವಳು ಅವನು ಸೆರೆ ತಂದ ಟೆಕ್ಮೆಸ್ಸಾ. ನೀನಿಲ್ಲದ ದಿನ ನಾನೂ ನಿನ್ನ ಮಗನೂ ಏನಾಗುತ್ತೇವೆಂದು ಯೋಚಿಸು ಎಂಬ ಅವಳ ಮಾತು ಆ ನಾಟಕದ ಅತ್ಯಂತ ವಿವೇಕದ ಮಾತು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕನ್ನಡಕ್ಕೂ ಏಜಾಕ್ಸನಿಗೂ ಹಳೆಯ ನಂಟಿದೆ. ಬಿ.ಎಂ. ಶ್ರೀಕಂಠಯ್ಯನವರು ಈ ನಾಟಕವನ್ನೇ ಆಧರಿಸಿ ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿಯೆಂದು ನಾವು ನಂಬಿಕೊಂಡು ಬಂದ ಅಶ್ವತ್ಥಾಮ ಅಲ್ಲಿ ಏಜಾಕ್ಸನಂತೆ ತನ್ನ ಅಂತ್ಯವನ್ನು ತಾನೇ ತಂದುಕೊಳ್ಳುತ್ತಾನೆ. ಪರಂಪರೆಯ ಕಥೆಯನ್ನು ಹೀಗೆ ತಿರುಗಿಸಿದ್ದು ಆಕ್ಷೇಪಕ್ಕೂ ಗುರಿಯಾಯಿತು. ಮೂಲ ಮಹಾಭಾರತದಲ್ಲಿ ಅವನಿಗೆ ಸಿಗುವ ಶಿಕ್ಷೆ ಸಾವಲ್ಲ. ಮೂರು ಸಾವಿರ ವರ್ಷ, ಕೊಳೆತ ಮೈಯಲ್ಲಿ, ಯಾರ ಸಂಗವೂ ಯಾರ ಮಾತೂ ಇಲ್ಲದೆ ಅಲೆಯಬೇಕೆಂಬುದು ಕೃಷ್ಣನ ಶಾಪ. ಮೂವರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಅವಮಾನಿತನ ಮುಂದಿರುವ ಮೂರು ದಾರಿಗಳು ಕಾಣುತ್ತವೆ. ಒಬ್ಬ ಬದುಕಲಾರ. ಇನ್ನೊಬ್ಬ ಬದುಕುತ್ತಾನೆ, ಅವನೊಡನೆ ಮಾತನಾಡುವವರಿಲ್ಲ. ಮತ್ತೊಬ್ಬ ಗಾಯ ತೋರಿಸಿಕೊಂಡೇ ಜನರ ನಡುವೆ ಬಂದು ಕೂರುತ್ತಾನೆ. ಇವುಗಳಲ್ಲಿ ಯಾವುದು ಯಾರ ಪಾಲಿಗೆ ಬರುತ್ತದೆಂಬುದು ಬಹುಮಟ್ಟಿಗೆ ಸುತ್ತಲಿನವರ ಕೈಯಲ್ಲಿದೆ.

ಇದನ್ನು ನಾನು ಪುಸ್ತಕದಿಂದಷ್ಟೇ ಕಲಿತವನಲ್ಲ. ಬಹಳ ವರ್ಷಗಳ ಹಿಂದೆ ನಾನಿದ್ದ ಕಾಲೇಜಿನಲ್ಲಿ ಅಂತಿಮ ವರ್ಷದ ಹುಡುಗನೊಬ್ಬ ಪರೀಕ್ಷೆಯಲ್ಲಿ ಚೀಟಿಯೊಂದಿಗೆ ಸಿಕ್ಕಿಬಿದ್ದ. ನಿಯಮದಂತೆ ಶಿಕ್ಷೆಯಾದದ್ದು ಸರಿಯೇ. ಆದರೆ ಮರುದಿನ ಸೂಚನಾಫಲಕದ ಮೇಲೆ ಅವನ ಹೆಸರನ್ನು ದೊಡ್ಡದಾಗಿ ಬರೆದು ಹಾಕಲಾಯಿತು. ಅಧ್ಯಾಪಕರ ಕೊಠಡಿಯಲ್ಲಿ ಯಾರೋ ಅವನ ಬಗ್ಗೆ ಒಂದು ಚಟಾಕಿ ಹಾರಿಸಿದರು. ನಾನೂ ನಕ್ಕೆ. ನಕ್ಕು ತಿರುಗಿದಾಗ ಅವನು ಬಾಗಿಲಲ್ಲಿ ನಿಂತಿದ್ದ. ಅಂದು ಸಂಜೆ ಹಾಸ್ಟೆಲಿನಿಂದ ಹೋದವನು ವರ್ಗಾವಣೆ ಪತ್ರ ಪಡೆಯಲೂ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ತಾಲ್ಲೂಕು ಕೇಂದ್ರವೊಂದರ ಅಂಗಡಿಯಲ್ಲಿ ಅವನನ್ನು ಕಂಡು ಹೆಸರು ಹಿಡಿದು ಕರೆದೆ. ‘ಯಾರೂಂತ ಗೊತ್ತಾಗಲಿಲ್ಲ ಸಾರ್’ ಎಂದು ಚಿಲ್ಲರೆ ಎಣಿಸತೊಡಗಿದ. ಎಣಿಸುತ್ತಿದ್ದ ಕೈ ನಡುಗುತ್ತಿತ್ತು. ಆ ವರ್ಷ ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದದ್ದು ಗಾವೇನನ ಕಾವ್ಯವನ್ನೇ.

ಕಾಲ್ಕಸನ ಎಚ್ಚರಿಕೆಯನ್ನು ಇಂದು ಮನೋವೈದ್ಯರೂ ತಮ್ಮ ಭಾಷೆಯಲ್ಲಿ ಹೇಳುತ್ತಾರೆ: ತೀವ್ರ ಹತಾಶೆಯ ಗಳಿಗೆ ಬಹುಪಾಲು ಕಳೆದುಹೋಗುವಂಥದು, ಅದು ಕಳೆಯುವವರೆಗೆ ಯಾರಾದರೂ ಜೊತೆಗಿರಬೇಕು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಫಲಿತಾಂಶದ ದಿನ ಅಂಕಪಟ್ಟಿಯ ಜೊತೆಗೆ ಈ ಐದು ಅಂಕಿಗಳೂ ಪ್ರತಿ ಮನೆಯಲ್ಲಿರಬೇಕು. ಆದರೆ ಗುಡಾರದ ಬಾಗಿಲಲ್ಲಿ ಕೂರುವ ಕೆಲಸವನ್ನು ದೂರವಾಣಿ ಒಂದೇ ಮಾಡಲಾರದು.

ಕಳೆದ ಬಾರಿ ಫಲಿತಾಂಶ ಬಂದಾಗ ನಮ್ಮ ಬೀದಿಯ ಹುಡುಗಿಯೊಬ್ಬಳು ಗಣಿತದಲ್ಲಿ ಅನುತ್ತೀರ್ಣಳಾದಳು. ಎರಡು ದಿನ ಯಾರೂ ಬರುವುದು ಬೇಡ ಎಂದು ಮನೆಯವರು ಬಾಗಿಲು ಹಾಕಿಕೊಂಡಿದ್ದರು. ನಾನು ಹೋದೆ. ಮೂವತ್ತು ವರ್ಷ ಯಾವ ವಿದ್ಯಾರ್ಥಿಯ ಮುಂದೆಯೂ ಹೇಳದಿದ್ದ ಒಂದು ಸಂಗತಿಯನ್ನು ಅವಳ ಮುಂದೆ ಹೇಳಿದೆ: ಪಿಯುಸಿಯಲ್ಲಿ ನಾನೂ ಗಣಿತದಲ್ಲಿ ಫೇಲಾದವನು. ಬಹಳ ಹೊತ್ತು ಸುಮ್ಮನಿದ್ದ ಅವಳು ಎಷ್ಟು ಅಂಕ ಬಂದಿತ್ತು ಎಂದು ಕೇಳಿದಳು. 19 ಎಂದೆ.

‘ನನಗೆ 22 ತಾತ’ ಎಂದಳು. ಆಮೇಲೆ ಇಬ್ಬರೂ ಕಾಫಿ ಕುಡಿದೆವು.