ಶುಗರ್ ಎಷ್ಟು ಇಳಿದರೆ ಅಷ್ಟು ಒಳ್ಳೆಯದೇ? ಮೆದುಳು, ನರಗಳಿಗೆ ಏನಾಗುತ್ತದೆ?

ಮಧುಮೇಹಿಗಳಿಗೆ ರಕ್ತದ ಸಕ್ಕರೆ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು ಎಂದು ಹಲವರು ನಂಬಿದ್ದಾರೆ. ಇದು ನಿಜವೇ? ನೋಡೋಣ.

ಯಾರಿಗೆ ಅಪಾಯ?

2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ಕೆಲಸಕ್ಕಾಗಿ ಬೆಂಗಳೂರಿಗೆ ಓಡಾಡುತ್ತಿದ್ದಾರೆ. ಮಾರಿಕುಪ್ಪಂ, ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹಿಡಿಯುವ ಅವಸರದಲ್ಲಿ ಮಾತ್ರೆ ನುಂಗಿ, ತಿಂಡಿ ಆಮೇಲೆ ನೋಡಿಕೊಳ್ಳೋಣ ಎಂದು ಹೊರಟರೆ ಅಪಾಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ನಾವು ತಿಂದಿದ್ದೇವೋ ಇಲ್ಲವೋ ಎಂದು ನೋಡುವುದಿಲ್ಲ, ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ತೀರಾ ಕಡಿಮೆ.

ಮೆದುಳಿಗೆ ಏನಾಗುತ್ತದೆ?

ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2. ಆದರೆ ಅದು ಬಳಸುವ ಶಕ್ತಿ ಶೇ. 20ರಷ್ಟು. ಅದಕ್ಕೆ ಮುಖ್ಯ ಆಹಾರ ಗ್ಲೂಕೋಸ್, ಹೆಚ್ಚು ಕೂಡಿಟ್ಟುಕೊಳ್ಳಲೂ ಆಗದು. ಸಕ್ಕರೆ 70 ಮಿ.ಗ್ರಾಂ.ಗಿಂತ ಇಳಿದರೆ ಬೆವರು, ನಡುಕ, ಎದೆಬಡಿತ. 54ಕ್ಕಿಂತ ಇಳಿದರೆ ತೊದಲು ಮಾತು, ಗೊಂದಲ, ತೂರಾಟ. ನಾವು 'ಕುಡಿದಿದ್ದಾನೆ' ಎಂದು ದೂರ ಸರಿಯುವುದು ಆಗಲೇ! ಇನ್ನೂ ಇಳಿದರೆ ಫಿಟ್ಸ್, ಪ್ರಜ್ಞೆ ತಪ್ಪುವುದು, ಸಾವು ಕೂಡ ಸಂಭವಿಸಬಹುದು.

ಪದೇ ಪದೇ ಹೀಗಾದರೆ ಬೆವರು, ನಡುಕದ ಮುನ್ಸೂಚನೆಯೇ ನಿಂತುಹೋಗುತ್ತದೆ. ತೀವ್ರ ಇಳಿಕೆ ಕಂಡ ವಯಸ್ಸಾದ ಮಧುಮೇಹಿಗಳಲ್ಲಿ ಮರೆವಿನ ಕಾಯಿಲೆ ಹೆಚ್ಚು ಎಂದು 2009ರ ಅಮೆರಿಕದ ಅಧ್ಯಯನವೊಂದು ಹೇಳಿದೆ. ಆದರೆ ಇಳಿಕೆಯೇ ಅದಕ್ಕೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ.

ಕಾಲು ಉರಿಗೂ ಇದೇ ಕಾರಣವೇ?

ಸಾಮಾನ್ಯವಾಗಿ ಅಲ್ಲ. ಪಾದದ ಜೋಮು, ಉರಿಗೆ ಮುಖ್ಯ ಕಾರಣ ವರ್ಷಗಟ್ಟಲೆ ಹೆಚ್ಚಿದ್ದ ಸಕ್ಕರೆ. ಆದರೆ ತುಂಬಾ ಹೆಚ್ಚಿದ್ದ ಸಕ್ಕರೆಯನ್ನು ಔಷಧಿಯಿಂದ ಏಕಾಏಕಿ ಇಳಿಸಿದಾಗಲೂ ಕೆಲವರಿಗೆ ತೀವ್ರ ನರನೋವು ಬರುತ್ತದೆ.

ತಕ್ಷಣ ಏನು ಮಾಡಬೇಕು?

* ಪ್ರಜ್ಞೆ ಇದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ, ಇಲ್ಲವೇ ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕೊಡಿ. 15 ನಿಮಿಷದ ನಂತರವೂ 70 ದಾಟದಿದ್ದರೆ ಮತ್ತೆ ಕೊಡಿ. ಸುಧಾರಿಸಿದ ಮೇಲೆ ತಿಂಡಿ ತಿನ್ನಿಸಿ.
* ವೋಗ್ಲಿಬೋಸ್ ಇರುವ ಮಾತ್ರೆ ನುಂಗುವವರಿಗೆ ಸಕ್ಕರೆ ಬೇಗ ಕೆಲಸ ಮಾಡದು, ಗ್ಲೂಕೋಸೇ ಬೇಕು. ನಿಮ್ಮ ಮಾತ್ರೆಯ ಪಟ್ಟಿಯನ್ನು ಇಂದೇ ಓದಿ ನೋಡಿ.
* ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗಬಹುದು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ, 'ಎಷ್ಟು ಇಳಿದರೆ ಅಷ್ಟು ಒಳ್ಳೆಯದು' ಎಂಬುದು ತಪ್ಪು. ಹಾಗೆಂದು ಹೆದರಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಪದೇ ಪದೇ ಇಳಿಯುತ್ತಿದ್ದರೆ ವೈದ್ಯರಿಗೆ ಹೇಳಿ ಡೋಸ್ ಬದಲಿಸಿಕೊಳ್ಳಿ. ರೈಲು ಹತ್ತುವಾಗ ಜೇಬಿನಲ್ಲಿ ಪಾಸ್ ಜೊತೆ ಗ್ಲೂಕೋಸ್ ಪೊಟ್ಟಣವೂ ಇರಲಿ.