ಕೆಲಸಕ್ಕೆ ಹೋಗುವ ತಾಯಿ, ಮನೆಯಲ್ಲಿರುವ ಕೂಸು

ತಾಯಂದಿರೇ, ತುಮಕೂರಿನ ಕಾರ್ಖಾನೆಗಾಗಲಿ, ಗುಬ್ಬಿ, ಕುಣಿಗಲ್ ಕಡೆಯ ತೋಟದ ಕೂಲಿಗಾಗಲಿ, ಕಾಯಕಕ್ಕೆ ಮರಳಿದಿರೆಂದು ಎದೆಹಾಲು ಬಿಡಿಸಬೇಕಾಗಿಲ್ಲ. 6 ತಿಂಗಳು ತುಂಬುವವರೆಗೆ ಕೂಸಿಗೆ ಅದೊಂದೇ ಸಾಕು, ನೀರೂ ಬೇಡ.

ಹೊರಡುವ ಮುನ್ನ ಸೋಪಿನಿಂದ ಕೈತೊಳೆದು, ಕುದಿಸಿ ಆರಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಮುಚ್ಚಿಡಿ. ತಂಪಾದ ಕಡೆ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಕೆಡದು. ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟದ್ದನ್ನು ಇನ್ನೂ ಬೇಗ ಕುಡಿಸಿ. ಒಲೆಯ ಮೇಲೆ ಕಾಯಿಸಬೇಡಿ. ಬಿಸಿನೀರಿನಲ್ಲಿ ಬಟ್ಟಲಿಟ್ಟರೆ ಸಾಕು.

ಅಜ್ಜಿಯರೇ, ಬಾಟಲಿ ಬೇಡ. ನಿಪ್ಪಲಿನೊಳಗೆ ಕೊಳೆ ಉಳಿದು ಭೇದಿಯಾಗುತ್ತದೆ. ಅಟ್ಟ ಸೇರಿರುವ ಒಳಲೆಯನ್ನು ಇಳಿಸಿ, ಕುದಿಸಿ, ಅದರಲ್ಲೇ ಕುಡಿಸಿ.

50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ, ದಿನಕ್ಕೆ 4 ಬಾರಿ ಮಗುವನ್ನು ನೋಡುವ ಅವಕಾಶ ಇರಬೇಕೆಂದು 2017ರಲ್ಲೇ ಕಾನೂನಾಗಿದೆ, ಸಂಕೋಚಪಡದೆ ಕೇಳಿ. ಹಳ್ಳಿಯವರು ‘ಕೂಸಿನ ಮನೆ’ ಇದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.