ನಿಮಗಿದು ಗೊತ್ತೇ? ತೋಟದ ಮಂಗಟ್ಟೆ, ಘಟ್ಟದ ಮಂಗಟ್ಟೆ

ಶಿರ್ತಾಡಿಯ ಕಡೆ ಅಡಿಕೆ ತೋಟದಂಚಿನ ಗೋಳಿಮರದಲ್ಲಿ ಯಾರೋ ಗಹಗಹಿಸಿ ನಕ್ಕಂತೆ ಕೇಳಿಸಿದರೆ ತಲೆಯೆತ್ತಿ ನೋಡಿ. ಅದು ಮಲಬಾರ್ ಬೂದು ಮಂಗಟ್ಟೆಯ ಕೂಗು. ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಹಕ್ಕಿಯಿಲ್ಲ.

ನಾರಾವಿ ದಾಟಿ ಕುದುರೆಮುಖದ ದಟ್ಟ ಕಾಡು ಹೊಕ್ಕರೆ ದೊಡ್ಡ ಮಂಗಟ್ಟೆಯ ಸೀಮೆ. ಬೂದು ಮಂಗಟ್ಟೆಯ ಉದ್ದ ಸುಮಾರು ಒಂದೂವರೆ ಅಡಿ, ಇದರದು ಮೂರು ಅಡಿಗೂ ಹೆಚ್ಚು. ರೆಕ್ಕೆ ಬಿಚ್ಚಿದರೆ ಐದಡಿ!

ದೊಡ್ಡದರ ಕೊಕ್ಕಿನ ಮೇಲೆ ಕಿರೀಟದಂಥ ಹಳದಿ ಉಬ್ಬಿದೆ. ನೋಡಲು ಭಾರ, ಒಳಗೆ ಬಹುಪಾಲು ಟೊಳ್ಳು. ಬೂದು ಮಂಗಟ್ಟೆಗೆ ಆ ಉಬ್ಬೇ ಇಲ್ಲ.

ದೊಡ್ಡ ಮಂಗಟ್ಟೆಯಲ್ಲಿ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ.

ಎರಡೂ ಜಾತಿಗಳು ಮರ ಕೊರೆಯಲಾರವು. ಹಳೆಯ ಮರದ ಪೊಟರೆಯೇ ಬೇಕು. ಹೆಣ್ಣು ಒಳಗೆ ಕೂತು, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಉಳಿಸಿಕೊಳ್ಳುತ್ತದೆ. ರೆಕ್ಕೆಯ ಗರಿಗಳನ್ನೂ ಉದುರಿಸುತ್ತದೆ. ಅಲ್ಲಿಂದ ಮುಂದೆ ಗಂಡು ತಂದ ಹಣ್ಣೇ ಗತಿ. ಬೂದು ಮಂಗಟ್ಟೆಯ ತಾಯಿ ಮರಿಗಳು ಹಾರುವಷ್ಟು ಬಲಿತ ಮೇಲೆ, ಸುಮಾರು ಮೂರು ತಿಂಗಳಿಗೆ, ಹೊರಬರುತ್ತದೆ. ದೊಡ್ಡ ಮಂಗಟ್ಟೆಯ ತಾಯಿ ಮೊದಲೇ ಬಾಗಿಲು ಒಡೆದು ಬಂದುಬಿಡುತ್ತದೆ. ಆಗ ಒಳಗಿನ ಮರಿಯೇ ಬಾಗಿಲನ್ನು ಮತ್ತೆ ಮೆತ್ತಿಕೊಳ್ಳುತ್ತದೆ. ಹಕ್ಕಿಲೋಕದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ನನಗೆ ಕಂಡಿಲ್ಲ. ತಾಯಿ ಒಳಗಿರುವ ದಿನಗಳಲ್ಲಿ ಗಂಡು ಬೇಟೆಗೆ ಬಲಿಯಾದರೆ ಗೂಡಿನೊಳಗಿನವರಿಗೆ ತುತ್ತಿಲ್ಲ.

ದೊಡ್ಡ ಮಂಗಟ್ಟೆಯ ಹರವು ಸುಮಾತ್ರಾವರೆಗೂ ಇದೆ. ಕೇರಳಕ್ಕೂ ಅರುಣಾಚಲಕ್ಕೂ ಇದೇ ರಾಜ್ಯಪಕ್ಷಿ. ಅರುಣಾಚಲದ ನಿಶಿ ಜನರ ಸಾಂಪ್ರದಾಯಿಕ ಟೋಪಿಗೆ ಇದರ ಕೊಕ್ಕು ಬೇಕಿತ್ತು. ಈಗ ಅನೇಕರು ಫೈಬರ್ ಗ್ಲಾಸಿನ ಕೊಕ್ಕು ತೊಡುತ್ತಾರೆ.

ಕರ್ನಾಟಕದಲ್ಲಿ ಮಂಗಟ್ಟೆಗಳಿಗೆಂದೇ ಒಂದು ಸಂರಕ್ಷಿತ ಪ್ರದೇಶವಿದೆ: ದಾಂಡೇಲಿಯಲ್ಲಿ, 2011ರಿಂದ.

ಈಗ ಮುಖ್ಯ ವಿಷಯ. ಅಂತರರಾಷ್ಟ್ರೀಯ ಕೆಂಪುಪಟ್ಟಿ ದೊಡ್ಡ ಮಂಗಟ್ಟೆಯನ್ನು 2018ರಲ್ಲಿ ‘ವಲ್ನರಬಲ್’, ಅಂದರೆ ಅಳಿವಿನ ಅಪಾಯಕ್ಕೆ ಸಿಲುಕಿದ ಜಾತಿ ಎಂದು ಗುರುತಿಸಿತು. ಎರಡೇ ವರ್ಷದಲ್ಲಿ, 2020ರಲ್ಲಿ, ಬೂದು ಮಂಗಟ್ಟೆಯೂ ಅದೇ ವರ್ಗಕ್ಕೆ ಸೇರಿತು. ಮನೆ ಹಿಂದೆ ನಗುವ ಹಕ್ಕಿ ಸುರಕ್ಷಿತವಾಗಿಯೇ ಇರುತ್ತದೆಂದು ನಂಬಿ ಕೂರುವಂತಿಲ್ಲ.

ತೋಟದ ಬದಿಯಲ್ಲಿ ಪೊಟರೆಯಿರುವ ಹಳೇ ಮರವಿದ್ದರೆ, ಗೋಳಿ ಅಥವಾ ಅತ್ತಿ ಮರವಿದ್ದರೆ, ದಯವಿಟ್ಟು ಕಡಿಯಬೇಡಿ. ಜನವರಿಯಿಂದ ಮೇವರೆಗೆ ಅದರೊಳಗೆ ಒಂದು ಸಂಸಾರ ಇರಬಹುದು.